ಐವತ್ತರ ವಯಸ್ಸಿನಲ್ಲಿ ಒಂದು ಪರೀಕ್ಷೆ

ಪರೀಕ್ಷೆಯೆಂದರೆ ಅದು ಮಕ್ಕಳ ಪಾಲಿನದು ಎಂಬುದು ನಮ್ಮೆಲ್ಲರ ಭಾವನೆ. ಮಕ್ಕಳು ಓದುತ್ತಾರೆ, ತಾಯಂದಿರು ಹಾಲು ಕಾಯಿಸಿ ಕೊಡುತ್ತಾರೆ, ತಂದೆಯರು ದೂರದರ್ಶನದ ಧ್ವನಿಯನ್ನು ತಗ್ಗಿಸುತ್ತಾರೆ. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ, ಎಷ್ಟೋ ಮಕ್ಕಳನ್ನು ಪರೀಕ್ಷೆಯ ಕೊಠಡಿಗೆ ಕಳುಹಿಸಿಕೊಟ್ಟ ನಮಗೆ, ನಿವೃತ್ತಿಯಾದ ಮರುವರ್ಷವೇ, ಅಂದರೆ 2023ರಲ್ಲಿ, ನಮ್ಮ ಮನೆಯಲ್ಲಿಯೇ ಇನ್ನೊಂದು ಪರೀಕ್ಷೆಗಾಗಿ ಹಾಲು ಕಾಯಿಸುವ ಪ್ರಸಂಗ ಒದಗಿ ಬಂದಿತು. ಪರೀಕ್ಷೆಗೆ ಕುಳಿತವರು ನಮ್ಮ ಮನೆಯವರು. ಅವರಿಗಾಗ ವಯಸ್ಸು ಐವತ್ತು. ರಾಣೇಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿ ಇಪ್ಪತ್ತೈದು ವರ್ಷಗಳಿಗೂ ಮಿಗಿಲಾಗಿ ಸೇವೆ ಸಲ್ಲಿಸುತ್ತ ಬಂದವರು. ಅದರಲ್ಲಿ ಬಹುಭಾಗವನ್ನು ಹೆರಿಗೆ ವಾರ್ಡಿನಲ್ಲಿಯೇ ಕಳೆದವರು.

ಆ ವರ್ಷ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕವನ್ನು ವಿಸ್ತರಿಸಿದರು. ಅದರ ಮೇಲ್ವಿಚಾರಣೆಯನ್ನು ನಮ್ಮ ಮನೆಯವರಿಗೆ ವಹಿಸಬೇಕೆಂಬ ವಿಚಾರ ಬಂದಾಗ ಒಂದು ನಿಬಂಧನೆಯೂ ಜೊತೆಗೆ ಬಂದಿತು. ಅಡ್ವಾನ್ಸ್ಡ್ ಕಾರ್ಡಿಯಾಕ್ ಲೈಫ್ ಸಪೋರ್ಟ್, ಚಿಕ್ಕದಾಗಿ ಎ.ಸಿ.ಎಲ್.ಎಸ್. ಎಂಬ ತರಬೇತಿಯನ್ನು ಮುಗಿಸಿ ಪ್ರಮಾಣಪತ್ರ ಪಡೆದುಕೊಂಡು ಬರಬೇಕು ಎಂಬುದೇ ಆ ನಿಬಂಧನೆ. ಹೃದಯ ಸ್ತಂಭನವಾದ ರೋಗಿಯನ್ನು ಮರಳಿ ಬದುಕಿಗೆ ತರುವ ಕ್ರಮವನ್ನು ವೈದ್ಯರಿಗೂ ಶುಶ್ರೂಷಕರಿಗೂ ಕಲಿಸುವ ತರಬೇತಿ ಇದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ರೂಪಿಸಿದ್ದು, ನಮ್ಮ ದೇಶದಲ್ಲಿಯೂ ಆ ಸಂಸ್ಥೆಯ ಮಾನ್ಯತೆ ಪಡೆದ ಕೇಂದ್ರಗಳಿವೆ. ತರಬೇತಿಯ ಅವಧಿ ಎರಡು ದಿನ. ಪ್ರಮಾಣಪತ್ರದ ಅವಧಿ ಎರಡು ವರ್ಷ. ಅನಂತರ ಮತ್ತೆ ಪರೀಕ್ಷೆ ಕೊಟ್ಟು ನವೀಕರಿಸಿಕೊಳ್ಳಬೇಕು.

ಎರಡು ದಿನದ ತರಬೇತಿಗೆ ಇಷ್ಟು ಗಾಬರಿಯೇಕೆಂದು ಓದುಗರು ಕೇಳಬಹುದು. ನಮ್ಮ ಮನೆಯವರು ಮಾತ್ರ ಆ ಸುದ್ದಿ ತಂದ ಸಂಜೆ ಊಟ ಮಾಡಲಿಲ್ಲ. ಕಾರಣವನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕೇಳದೆಯೇ ನಮಗೆ ತಿಳಿದಿತ್ತು.

2006ರ ಒಂದು ಬೆಳಗ್ಗೆ ನಮ್ಮ ತಂದೆಯವರು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಪಡಸಾಲೆಗೆ ಬಂದು ಕುಳಿತರು. ಚಹದ ಲೋಟವನ್ನು ಕೈಗೆ ತೆಗೆದುಕೊಂಡವರು ಹಾಗೆಯೇ ಒಂದು ಪಕ್ಕಕ್ಕೆ ವಾಲಿದರು. ಲೋಟ ಉರುಳಿದ ಸದ್ದಿಗೆ ನಾವೆಲ್ಲ ಓಡಿ ಬಂದೆವು. ಊರಿನಿಂದ ಬಂದಿದ್ದ ದೊಡ್ಡಪ್ಪನವರು, ಚಿಕ್ಕಪ್ಪನವರು ಮನೆಯಲ್ಲಿಯೇ ಇದ್ದರು. ಒಬ್ಬರು ಅಂಗಾಲು ತಿಕ್ಕಿದರು. ಇನ್ನೊಬ್ಬರು ಬಾಯಿಗೆ ನೀರು ಬಿಟ್ಟರು. ಮಕ್ಕಳಿಗೆ ಪ್ರತಿವರ್ಷ ಹೃದಯದ ಚಿತ್ರ ಬರೆಯಿಸಿ, ಬಲ ಹೃತ್ಕರ್ಣ, ಎಡ ಹೃತ್ಕುಕ್ಷಿ ಎಂದು ಹೆಸರು ಬರೆಯಿಸುತ್ತಿದ್ದ ನಾವು ಗಾಡಿ ತರಲೆಂದು ಬೀದಿಗೆ ಓಡಿದೆವು. ಸೆರಗು ಹೊದ್ದು ಬಂದ ನಮ್ಮ ಮನೆಯವರು ಮಾವನವರ ಕೈ ಹಿಡಿದು ನಾಡಿ ನೋಡಿದರು. ನಾಡಿ ಸಿಗಲಿಲ್ಲ. ಎದೆ ಒತ್ತಬೇಕೆಂದು ತರಬೇತಿಯ ದಿನಗಳಲ್ಲಿ ಕಲಿತದ್ದು ನೆನಪಿಗೆ ಬಂದಿತಂತೆ. ಆದರೆ ಹಿರಿಯರೆಲ್ಲ ನಿಂತಿರುವಾಗ ಸೊಸೆಯಾದವಳು ಮಾವನ ಎದೆಯ ಮೇಲೆ ಕೈಯಿಡುವುದು ಹೇಗೆಂದು ಕೈ ಮೇಲೇಳಲಿಲ್ಲ. ನಾವು ಗಾಡಿ ತರುವಷ್ಟರಲ್ಲಿ ಹದಿನೈದು ನಿಮಿಷಗಳು ಕಳೆದಿದ್ದವು. ಆ ದಿನದ ಕುರಿತು ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ದೂರಲಿಲ್ಲ. ಮಾತನ್ನೂ ಆಡಲಿಲ್ಲ.

ಹೀಗಿರುವಾಗ ಪುಸ್ತಕ ಮನೆಗೆ ಬಂದಿತು. ಅದೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮನೆಯವರಿಗೆ ಔಷಧಗಳ ಹೆಸರು ತಿಳಿಯುತ್ತಿತ್ತು, ಉದ್ದುದ್ದನೆಯ ವಾಕ್ಯಗಳು ತೊಡಕಾಗುತ್ತಿದ್ದವು. ಆದ್ದರಿಂದ ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾವು ಓದಿ ಹೇಳುವುದು, ಅವರು ತಮ್ಮ ಅನುಭವದಿಂದ ಅದನ್ನು ಬಿಡಿಸಿ ತಿಳಿಸುವುದು, ಹೀಗೆ ಒಂದು ಪಾಠಶಾಲೆ ಆರಂಭವಾಯಿತು. ಗುರು ಯಾರು, ಶಿಷ್ಯರು ಯಾರು ಎಂಬುದು ದಿನಕ್ಕೊಮ್ಮೆ ಬದಲಾಗುತ್ತಿತ್ತು.

ಮೊದಲಿಗೆ ಹೃದಯದ ಗೆರೆಗಳು. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಅದರ ಒಂದು ಚಿಕ್ಕ ಚೌಕವೆಂದರೆ 0.04 ಸೆಕೆಂಡು, ಐದು ಚಿಕ್ಕ ಚೌಕಗಳ ದೊಡ್ಡ ಚೌಕವೆಂದರೆ 0.2 ಸೆಕೆಂಡು. ನಮ್ಮ ಶಾಲೆಯ ಕಾಲದ ಗ್ರಾಫ್ ಹಾಳೆಗಳು ಪೆಟ್ಟಿಗೆಯಲ್ಲಿ ಉಳಿದಿದ್ದವು. ಅವುಗಳ ಮೇಲೆ ನಾಲ್ಕು ಬಗೆಯ ಗೆರೆಗಳನ್ನು ಬರೆದು ಗೋಡೆಗೆ ಅಂಟಿಸಿದೆವು. ನಾಡಿ ನಿಂತ ರೋಗಿಯಲ್ಲಿ ಕಾಣುವ ಗೆರೆಗಳು ಈ ನಾಲ್ಕೇ. ಹೃತ್ಕುಕ್ಷಿ ತಾಳತಪ್ಪಿ ಕಂಪಿಸುವುದು ಒಂದು, ನಾಡಿಯಿಲ್ಲದೆ ವಿಪರೀತ ವೇಗದಲ್ಲಿ ಓಡುವುದು ಇನ್ನೊಂದು. ಇವೆರಡಕ್ಕೂ ವಿದ್ಯುತ್ ಆಘಾತ ಕೊಡಬೇಕು. ಗೆರೆ ಪೂರ್ತಿ ಚಪ್ಪಟೆಯಾಗುವುದು ಮೂರನೆಯದು, ಗೆರೆ ಸರಿಯಾಗಿಯೇ ಕಂಡರೂ ನಾಡಿ ಮಾತ್ರ ಇಲ್ಲದಿರುವುದು ನಾಲ್ಕನೆಯದು. ಇವೆರಡಕ್ಕೂ ಆಘಾತ ಕೊಡಬಾರದು.

ಇಲ್ಲಿ ವಿಜ್ಞಾನ ಶಿಕ್ಷಕರಾದ ನಮಗೇ ಆಶ್ಚರ್ಯವಾಯಿತು. ಚಲನಚಿತ್ರಗಳಲ್ಲಿ ಗೆರೆ ಚಪ್ಪಟೆಯಾದೊಡನೆ ವೈದ್ಯರು ಎದೆಗೆ ವಿದ್ಯುತ್ ಕೊಡುವುದನ್ನು ನಾವೆಲ್ಲ ನೋಡಿದ್ದೇವೆ. ಅದು ತಪ್ಪು ತಿಳಿವಳಿಕೆ. ಆಘಾತವು ನಿಂತ ಹೃದಯವನ್ನು ಓಡಿಸುವುದಿಲ್ಲ. ತಾಳತಪ್ಪಿದ ಹೃದಯವನ್ನು ಒಂದು ಕ್ಷಣ ಸುಮ್ಮನಾಗಿಸುತ್ತದೆ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಐನೂರು ಮಕ್ಕಳು ತಮಗೆ ಬೇಕಾದಂತೆ ಕೂಗುತ್ತಿರುವಾಗ ದೈಹಿಕ ಶಿಕ್ಷಕರು ಒಮ್ಮೆ ಗಟ್ಟಿಯಾಗಿ ಸೀಟಿ ಊದುತ್ತಾರೆ. ಎಲ್ಲರೂ ಸುಮ್ಮನಾದಾಗ ಮುಂದೆ ನಿಂತ ಹುಡುಗಿ ನಾಡಗೀತೆಯ ಮೊದಲ ಸಾಲೆತ್ತುತ್ತಾಳೆ, ಉಳಿದವರು ಕೂಡಿಕೊಳ್ಳುತ್ತಾರೆ. ಹೃದಯದಲ್ಲಿಯೂ ಹಾಗೆಯೇ; ಅದರದೇ ಆದ ಒಂದು ತಾಳಕೇಂದ್ರವಿದೆ. ಗದ್ದಲ ನಿಂತರೆ ಅದು ಮತ್ತೆ ಮೊದಲ ಸಾಲೆತ್ತಬಹುದು. ಯಾರೂ ಕೂಗುತ್ತಿಲ್ಲದ ಖಾಲಿ ಮೈದಾನದಲ್ಲಿ ಸೀಟಿ ಊದಿ ಪ್ರಯೋಜನವಿಲ್ಲ. ಈ ಹೋಲಿಕೆ ಹೇಳಿದಾಗ ನಮ್ಮ ಮನೆಯವರು ಬಹುದಿನಗಳ ನಂತರ ನಕ್ಕರು.

ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಮರೆಯುವುದು ಕಠಿಣವೆಂಬುದು ಔಷಧಗಳ ಅಧ್ಯಾಯದಲ್ಲಿ ತಿಳಿಯಿತು. ತೊಂಬತ್ತರ ದಶಕದಲ್ಲಿ ಅವರು ಕಲಿತಾಗ ಗೆರೆ ಚಪ್ಪಟೆಯಾದರೆ ಅಟ್ರೋಪಿನ್ ಕೊಡಬೇಕೆಂದಿತ್ತು. 2010ರ ಮಾರ್ಗಸೂಚಿಯಲ್ಲಿ ಅದನ್ನು ಆ ಕ್ರಮದಿಂದ ಕೈಬಿಡಲಾಯಿತು. ಈಗ ಅದರ ಸ್ಥಾನ ನಿಧಾನಗತಿಯ ನಾಡಿಯ ಚಿಕಿತ್ಸೆಯಲ್ಲಿ. ಅಲ್ಲಿಯೂ 2020ರ ಮಾರ್ಗಸೂಚಿ ಅದರ ಪ್ರಮಾಣವನ್ನು ಅರ್ಧ ಮಿಲಿಗ್ರಾಮಿನಿಂದ 1 ಮಿಲಿಗ್ರಾಮಿಗೆ ಏರಿಸಿತು. ಸ್ತಂಭನದಲ್ಲಿ ಅಡ್ರಿನಲಿನ್ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ಆಘಾತಕ್ಕೂ ಬಗ್ಗದ ಕಂಪನಕ್ಕೆ ಅಮಿಯೋಡರೋನ್ ಮೊದಲು 300, ಅನಂತರ 150. ಬೆಳಗ್ಗೆ ರೊಟ್ಟಿ ಬಡಿಯುವಾಗಲೂ ಅವರ ತುಟಿಗಳ ಮೇಲೆ ಈ ಅಂಕಿಗಳೇ ಇರುತ್ತಿದ್ದವು. ಹೃದಯ ನಿಲ್ಲಲು ಕಾರಣವಾಗಿ, ಸರಿಪಡಿಸಲು ಸಾಧ್ಯವಿರುವ ಹತ್ತು ಸಂಗತಿಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೂಗು ಹಾಕಿದೆವು. ರಕ್ತ ಅಥವಾ ದ್ರವದ ಕೊರತೆ, ಆಮ್ಲಜನಕದ ಕೊರತೆ, ರಕ್ತದ ಆಮ್ಲತೆ, ಪೊಟ್ಯಾಸಿಯಂ ಏರುಪೇರು, ಮೈ ವಿಪರೀತ ತಣ್ಣಗಾಗುವುದು, ಇವು ಐದು. ಎದೆಗೂಡಿನಲ್ಲಿ ಗಾಳಿ ಒತ್ತುವುದು, ಹೃದಯದ ಹೊರಚೀಲದಲ್ಲಿ ದ್ರವ ತುಂಬುವುದು, ವಿಷ, ಶ್ವಾಸಕೋಶದ ನಾಳದಲ್ಲಿ ಹೆಪ್ಪು, ಹೃದಯದ ನಾಳದಲ್ಲಿ ಹೆಪ್ಪು, ಇವು ಇನ್ನೈದು.

ಇಷ್ಟೆಲ್ಲ ಔಷಧ, ಯಂತ್ರಗಳಿದ್ದರೂ ಪುಸ್ತಕದ ಪ್ರತಿ ಅಧ್ಯಾಯವೂ ಮರಳಿ ಬರುವುದು ಎದೆ ಒತ್ತುವ ಎರಡು ಕೈಗಳ ಕಡೆಗೆ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆಯೇ ಹೊರಗಿನಿಂದ ಒತ್ತಿ ರಕ್ತ ಹರಿಯುವಂತೆ ಮಾಡಬಹುದೆಂದು ಪ್ರಕಟಿಸಿದರು. ಅವರಲ್ಲಿ ಕೌವೆನ್‌ಹೋವೆನ್ ವಿದ್ಯುತ್ ಎಂಜಿನಿಯರ್. ವಿದ್ಯುತ್ ಆಘಾತದ ಪ್ರಯೋಗ ನಡೆಸುವಾಗ, ಆಘಾತದ ಫಲಕಗಳನ್ನು ನಾಯಿಯ ಎದೆಗೆ ಒತ್ತಿದೊಡನೆಯೇ ಅದರ ರಕ್ತದ ಒತ್ತಡ ತುಸು ಏರುವುದನ್ನು ನಿಕರ್‌ಬಾಕರ್ ಗಮನಿಸಿದ್ದೇ ಇದಕ್ಕೆ ಮೂಲ. ಅಂದಿನ ಆ ಗಮನವೇ ಇಂದು ಕ್ರಮಬದ್ಧವಾಗಿದೆ. ವಯಸ್ಕರಲ್ಲಿ ಎದೆಯ ನಡುಭಾಗವನ್ನು ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ಆದರೆ 6ನ್ನು ಮೀರದಂತೆ, ನಿಮಿಷಕ್ಕೆ 100ರಿಂದ 120ರ ಗತಿಯಲ್ಲಿ ಒತ್ತಬೇಕು. 30 ಸಲ ಒತ್ತಿ 2 ಸಲ ಉಸಿರು ಕೊಡಬೇಕು. ಪ್ರತಿಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು.

ಮನೆಯಲ್ಲಿ ಗೊಂಬೆಯಿರಲಿಲ್ಲವಾದ್ದರಿಂದ ಪಡಸಾಲೆಯ ಲೋಡೇ ರೋಗಿಯಾಯಿತು. ನಾವು ಗಡಿಯಾರ ಹಿಡಿದು ನಿಂತೆವು. 30 ಒತ್ತುಗಳು 15ರಿಂದ 18 ಸೆಕೆಂಡುಗಳಲ್ಲಿ ಮುಗಿಯಬೇಕು. ನಮ್ಮ ಮನೆಯವರಿಗೆ ಪ್ರತಿಸಲವೂ 22, 23 ಸೆಕೆಂಡುಗಳಾಗುತ್ತಿದ್ದವು. ತೋಳಿನಲ್ಲಿ ಬಲವಿರಲಿಲ್ಲವೆಂದಲ್ಲ. ಕಾರಣ ತಿಳಿಯದೆ ಇಬ್ಬರೂ ಚಿಂತಿಸುತ್ತಿರುವಾಗ ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ, ಎಂಬತ್ತೆರಡು ವರ್ಷದ ನಮ್ಮ ತಾಯಿಯವರು ಬಾಯಿ ತೆರೆದರು.

"ಹತ್ತರ ಮಟಾ ಚಲೋ ಹೊಂಟಿರತೈತಿ. ಇಪ್ಪತ್ತೊಂದು, ಇಪ್ಪತ್ತೆರಡು ಅನ್ನೂದರಾಗ ಬಾಯಿ ತಡಾ ಮಾಡ್ತೈತಿ, ಬಾಯಿ ಕೂಡ ಕೈನೂ ತಡಾ ಮಾಡ್ತೈತಿ ನೋಡವ್ವಾ."

ನಿಜ. ನಮ್ಮ ಕನ್ನಡದ ಎಣಿಕೆ ಹತ್ತನ್ನು ದಾಟಿದೊಡನೆ ಉದ್ದವಾಗುತ್ತದೆ. ಆ ಗತಿಗೆ ನಾಲಗೆ ಒಗ್ಗುವುದಿಲ್ಲ. ಅವ್ವನೇ ಮುಂದುವರಿದು ಹೇಳಿದರು.

"ಓಂ ನಮಃ ಶಿವಾಯ ಅನಕೋತ ಒತ್ತು. ಆರಕ್ಷರ. ಐದು ಸಲ ಅಂದ್ರ ಮೂವತ್ತು ಆತಿಲ್ಲೋ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದಕ್ಷರಕ್ಕೆ ಒಂದು ಒತ್ತು. ಐದು ಆವರ್ತನಕ್ಕೆ ಸರಿಯಾಗಿ ಮೂವತ್ತು. ಗಡಿಯಾರ ನೋಡಿದರೆ 17 ಸೆಕೆಂಡು! ಮಂತ್ರ ಜೀವ ಉಳಿಸುತ್ತದೆಂದು ನಾವು ಹೇಳುತ್ತಿಲ್ಲ. ಒತ್ತುವುದು ಕೈಗಳು, ಉಳಿಯುವುದಾದರೆ ಉಳಿಸುವುದು ಆ ರಕ್ತದ ಹರಿವು. ಆದರೆ ಹುಟ್ಟಿನಿಂದ ನಾಲಗೆಗೆ ಒಗ್ಗಿದ ಆರಕ್ಷರಗಳು ಕೈಗೆ ತಾಳ ಕೊಟ್ಟವು. ಪರೀಕ್ಷೆಯಲ್ಲಿ ಜೊತೆಯವರಿಗೆ ಕೇಳುವಂತೆ ಗಟ್ಟಿಯಾಗಿ ಎಣಿಸಬೇಕಾದ್ದರಿಂದ ಅಲ್ಲಿಗಾಗಿ ಒಂದರಿಂದ ಹತ್ತನ್ನು ಮೂರು ಸಲ ಎಣಿಸುವುದೆಂದು ನಿಶ್ಚಯಿಸಿಕೊಂಡೆವು.

ತರಬೇತಿಗೆ ಹೋಗುವ ಮುನ್ನ ಗಣಕಯಂತ್ರದಲ್ಲಿ ಒಂದು ಸ್ವಯಂ ಪರೀಕ್ಷೆ ಬರೆದು ಶೇಕಡಾ 70 ಪಡೆಯಬೇಕು. ಮೊದಲ ಪ್ರಯತ್ನದಲ್ಲಿ ಬಂದದ್ದು 58. ಆ ರಾತ್ರಿ ಅವರು ಪುಸ್ತಕ ಮುಚ್ಚಿಟ್ಟರು. ನಾವು ಇನ್ನೊಮ್ಮೆ ಬರೆಯಬಹುದಲ್ಲ ಎಂದು ಸಮಾಧಾನ ಹೇಳಹೊರಟಾಗ, ದೀಪವಾರಿಸಿದ ಕೋಣೆಯಲ್ಲಿ ಅವರ ಧ್ವನಿ ಕೇಳಿಸಿತು.

"ರೀ, ಅವತ್ತು ನಾ ಒತ್ತಿದ್ರ ಮಾವಾರು ಉಳೀತಿದ್ರೇನು?"

ಆ ಪುಸ್ತಕದಲ್ಲಿ ಒಂದು ಅಂಕಿಯಿದೆ. ಕಂಪನದಿಂದ ಹೃದಯ ನಿಂತಾಗ ಯಾರೂ ಎದೆ ಒತ್ತದಿದ್ದರೆ, ಬದುಕುಳಿಯುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ. ವಾರಗಳ ಹಿಂದೆಯೇ ಅದನ್ನು ಓದಿದ್ದೆವು. ಇಬ್ಬರೂ ಆ ಸಾಲಿನ ಮೇಲೆ ಸುಮ್ಮನೆ ಮುಂದೆ ಸಾಗಿದ್ದೆವು. ಹದಿನೈದು ನಿಮಿಷಗಳ ಲೆಕ್ಕವನ್ನು ಮನಸ್ಸಿನಲ್ಲಿ ಮಾಡದೆ ಬಿಟ್ಟವರು ಇಬ್ಬರಲ್ಲಿ ಯಾರೂ ಇರಲಿಲ್ಲ. ಸುಳ್ಳು ಸಮಾಧಾನ ಹೇಳಲು ನಮಗೆ ಬಾಯಿ ಬರಲಿಲ್ಲ. ಉಳಿಯುತ್ತಿದ್ದರೋ ಇಲ್ಲವೋ ಹೇಳಬಲ್ಲವರು ಯಾರೂ ಇಲ್ಲ, ಆದರೆ ಓಡಿಹೋದವರು ನಾವು, ನೀವು ಅಲ್ಲಿಯೇ ಇದ್ದಿರಿ, ಎಂದಷ್ಟೇ ಹೇಳಿದೆವು. ಆ ಮಾತನ್ನು ನಾವೂ ಹದಿನೇಳು ವರ್ಷಗಳಲ್ಲಿ ಮೊದಲ ಸಲ ಆಡಿದ್ದು.

ಮರುದಿನ ಬೆಳಗ್ಗೆ ಅವ್ವ ಸೊಸೆಯನ್ನು ಹತ್ತಿರ ಕರೆದು ಕೂರಿಸಿಕೊಂಡರು. ಪಕ್ಕದ ಕೋಣೆಗೆ ನಮ್ಮ ಮಾತು ಕೇಳಿಸಿತ್ತು.

"ಇಷ್ಟು ವರ್ಷ ಈ ಮಾತು ಹೊಟ್ಯಾಗ ಇಟಗೊಂಡು ನನಗ ಅಡಗಿ ಮಾಡಿ ಹಾಕೀಯೇನವ್ವಾ? ಅವರು ಹೋಗೂವಾಗ ಅವರ ಕೈ ನಿನ್ನ ಕೈಯಾಗಿತ್ತು, ನಾ ನೋಡೇನಿ. ಹಿರ್ಯಾರು ನಿಂತಾರಂತ ನೀ ಅಂಜಿದಿ. ನಾನೂ ಹಿರಿಯಾಕಿನ ಅಲ್ಲ? ಒತ್ತವ್ವಾ ಅಂತ ನನಗೂ ಬಾಯಿ ಬರಲಿಲ್ಲ. ಈಗ ಹೇಳ್ತೀನಿ. ಕಲ್ತು ಬಾ. ಯಾರ ಮುಂದ ಯಾರು ನಿಂತಿದ್ರೂ ಅಂಜಬ್ಯಾಡ."

ಸೊಸೆ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತರು. ನಾವು ಅಂಗಳಕ್ಕೆ ಹೋಗಿ ತುಳಸಿ ಗಿಡಕ್ಕೆ ಎರಡನೆಯ ಸಲ ನೀರು ಹಾಕಿದೆವು. ಮೂರು ದಿನಗಳ ಮೇಲೆ ಸ್ವಯಂ ಪರೀಕ್ಷೆಯಲ್ಲಿ 82 ಬಂದಿತು.

ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಎರಡು ದಿನವೂ ನಾವು ತರಬೇತಿ ಕೇಂದ್ರದ ಹೊರಗಿನ ಬೆಂಚಿನ ಮೇಲೆ, ಮಕ್ಕಳನ್ನು ಪರೀಕ್ಷೆಗೆ ಬಿಟ್ಟ ತಂದೆಯರಂತೆ ಕುಳಿತಿದ್ದೆವು. ಒಳಗಿನ ಸಂಗತಿಯೆಲ್ಲ ಅವರ ಬಾಯಿಂದ ಕೇಳಿದ್ದು. ತಂಡದಲ್ಲಿ ಆರು ಜನ. ಉಳಿದ ಐವರೂ ಮೂವತ್ತು ದಾಟದ ವೈದ್ಯರು. ಮೆಗಾಕೋಡ್ ಎಂಬುದು ಅಲ್ಲಿನ ಮುಖ್ಯ ಪರೀಕ್ಷೆ. ಗೊಂಬೆಯ ರೂಪದ ರೋಗಿಯ ನಾಡಿ ಮೊದಲು ನಿಧಾನವಾಗುತ್ತದೆ, ಅನಂತರ ನಿಲ್ಲುತ್ತದೆ, ಗೆರೆ ಬದಲಾಗುತ್ತ ಹೋಗುತ್ತದೆ. ಸರದಿಯ ಪ್ರಕಾರ ಒಬ್ಬರು ನಾಯಕರಾಗಿ ನಿಂತು ಉಳಿದವರಿಗೆ ಆಜ್ಞೆ ಕೊಡಬೇಕು. ಯಾರು ಏನು ಮಾಡಬೇಕೆಂದು ಹೆಸರಿಡಿದು ಸ್ಪಷ್ಟವಾಗಿ ಹೇಳಬೇಕು. ಕೇಳಿದವರು ಅದನ್ನು ಮರಳಿ ನುಡಿದು, ಮಾಡಿ ಮುಗಿಸಿದೆನೆಂದು ತಿಳಿಸಬೇಕು.

ಇದೇ ಅವರ ನಿಜವಾದ ಪರೀಕ್ಷೆಯಾಯಿತು. ಇಪ್ಪತ್ತೈದು ವರ್ಷ ವೈದ್ಯರು ಹೇಳಿದ್ದನ್ನು ತಲೆಬಾಗಿ ನಡೆಸಿದವರು, ವೈದ್ಯರಿಗೆ ಗಟ್ಟಿಧ್ವನಿಯಲ್ಲಿ ಆಜ್ಞೆ ಕೊಡಬೇಕಿತ್ತು. ಮೊದಲ ಅಭ್ಯಾಸದಲ್ಲಿ ಅವರ ಧ್ವನಿ ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ತಪ್ಪೂ ಆಯಿತು. ಆಘಾತ ಕೊಟ್ಟ ಮೇಲೆ ಯಂತ್ರದ ತೆರೆಯನ್ನು ನೋಡುತ್ತ ನಿಂತುಬಿಟ್ಟರು. ಆಘಾತವಾದ ತಕ್ಷಣ ನಾಡಿ ನೋಡುತ್ತ ನಿಲ್ಲದೆ ಮತ್ತೆ ಎರಡು ನಿಮಿಷ ಎದೆ ಒತ್ತಬೇಕೆಂದು ಬೋಧಕರು ತಿದ್ದಿದರು. "ನೋಡುತ್ತ ನಿಲ್ಲಬೇಡಿ" ಎಂಬ ಆ ಮಾತು ಎದೆಗೆ ನಾಟಿತೆಂದು ಆಮೇಲೆ ಹೇಳಿದರು.

ಎರಡನೆಯ ದಿನ ಮಧ್ಯಾಹ್ನ ಪರೀಕ್ಷೆಯ ಸರದಿ ಬಂದಾಗ, ಅವ್ವನ ಮಾತನ್ನು ನೆನೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರಂತೆ. ಎದೆ ಒತ್ತುವವರನ್ನು ಎರಡು ನಿಮಿಷಕ್ಕೊಮ್ಮೆ ಬದಲಿಸಿದರು. ಆಘಾತಕ್ಕೆ ಮುನ್ನ ಎಲ್ಲರೂ ದೂರ ಸರಿಯಿರೆಂದು ಕೂಗಿದ ಧ್ವನಿ ಬಾಗಿಲಾಚೆಯ ಬೆಂಚಿನವರೆಗೂ ಬಂದಿತು. ಮೂವತ್ತು ವರ್ಷಗಳ ಸಂಸಾರದಲ್ಲಿ ಅವರ ಆ ಧ್ವನಿಯನ್ನು ನಾವು ಕೇಳಿರಲಿಲ್ಲ. ಅನಂತರ ಬರವಣಿಗೆಯ ಪರೀಕ್ಷೆ. 50 ಪ್ರಶ್ನೆಗಳು, ಉತ್ತೀರ್ಣರಾಗಲು ಶೇಕಡಾ 84, ಅಂದರೆ 42 ಸರಿಯುತ್ತರಗಳು ಬೇಕು. ಅವರಿಗೆ 44 ಬಂದವು.

ಈಗ ಓದುಗರು ಕೇಳಬಹುದು, ಕಲಿತದ್ದರಿಂದ ಎಷ್ಟು ಜೀವ ಉಳಿಯಿತು ಎಂದು. ನಮ್ಮ ಮನೆಯವರು ಲೆಕ್ಕವಿಟ್ಟಿಲ್ಲ. ತರಬೇತಿಯಾದ ನಾಲ್ಕು ತಿಂಗಳಿಗೆ, ವಾರ್ಡಿನಲ್ಲಿ ಕುಸಿದ ಒಬ್ಬ ರೈತರು ಎರಡನೆಯ ಆಘಾತಕ್ಕೆ ಕಣ್ಣು ತೆರೆದರು. ಅವರು ನಡೆದುಕೊಂಡೇ ಮನೆಗೆ ಹೋದರು. ಅದಾದ ಕೆಲವೇ ವಾರಗಳಿಗೆ ಅರ್ಧ ತಾಸು ಶ್ರಮಿಸಿದರೂ ಒಬ್ಬ ತಾಯಿ ಉಳಿಯಲಿಲ್ಲ. ಅಂದು ರಾತ್ರಿ ಮನೆಗೆ ಬಂದು ಕೈಕಾಲು ತೊಳೆದು, "ಹೋದ್ರುರೀ. ಆದ್ರ ಯಾರೂ ಸುಮ್ಮನ ನಿಂತಿರಲಿಲ್ಲ" ಎಂದರು. ಹೇಳಿ ಊಟಕ್ಕೆ ಕುಳಿತರು. ಸಾವನ್ನು ಗೆಲ್ಲುವ ವಿದ್ಯೆ ಇದಲ್ಲವೆಂದೂ, ಸಾವಿನ ಎದುರು ಕೈಕಟ್ಟಿ ನಿಲ್ಲದಿರುವ ವಿದ್ಯೆ ಇದೆಂದೂ ನಮಗೆ ಅರ್ಥವಾದದ್ದು ಆಗ. ಕಾಯಕವೆಂಬ ಮಾತನ್ನು ನಾವು ವೇದಿಕೆಗಳಲ್ಲಿ ಬಹಳ ಸಲ ಆಡಿದ್ದೇವೆ. ಅಂದು ಊಟದ ತಟ್ಟೆಯ ಮುಂದೆ ಅದನ್ನು ಕಂಡೆವು.

2025ರಲ್ಲಿ ಅವರು ಪ್ರಮಾಣಪತ್ರವನ್ನು ನವೀಕರಿಸಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಾರ್ಗಸೂಚಿಗಳು ಮತ್ತೊಮ್ಮೆ ಪರಿಷ್ಕೃತವಾದವು. ಮನೆಯಲ್ಲಿ ಪುಸ್ತಕ ಮತ್ತೆ ತೆರೆಯಿತು, ಹಾಲು ಮತ್ತೆ ಕಾಯಿತು.

ಎ.ಸಿ.ಎಲ್.ಎಸ್. ಎಂಬುದು ಆಸ್ಪತ್ರೆಯಲ್ಲಿ ದುಡಿಯುವವರ ವಿದ್ಯೆ. ಆದರೆ ಅದರ ಮೊದಲ ಪಾಠ ಪ್ರತಿ ಮನೆಗೂ ಸಲ್ಲುವಂಥದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ನಲವತ್ತಾರನೆಯ ವಯಸ್ಸಿನಲ್ಲಿ ಅಗಲಿದಾಗ ನಾಡಿನ ಮನೆಮನೆಯಲ್ಲಿಯೂ ಹೃದಯದ ಮಾತು ನಡೆಯಿತು. ಮಾತು ನಿಂತಿತು, ಕಲಿಕೆ ನಡೆಯಲಿಲ್ಲ. ಮನೆಯಲ್ಲಿ ವಯಸ್ಕರೊಬ್ಬರು ಹಠಾತ್ತನೆ ಕುಸಿದು, ಕರೆದರೂ ಓಗೊಡದೆ, ಸಹಜವಾಗಿ ಉಸಿರಾಡದಿದ್ದರೆ, ಬಾಯಿಗೆ ನೀರು ಹಾಕಬೇಡಿರಿ, ಅಂಗಾಲು ತಿಕ್ಕುತ್ತ ಕೂರಬೇಡಿರಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈಗಳನ್ನು ಒಂದರ ಮೇಲೊಂದಿಟ್ಟು, ಜೋರಾಗಿ, ವೇಗವಾಗಿ, ನೆರವು ಬರುವವರೆಗೂ ಬಿಡದೆ ಒತ್ತಲಿ. ಉಸಿರು ಕೊಡಲು ಬಾರದಿದ್ದರೆ ಚಿಂತೆಯಿಲ್ಲ, ಒತ್ತುವುದು ನಿಲ್ಲದಿರಲಿ. ಇದನ್ನು ಓದಿ ತಿಳಿದರೆ ಸಾಲದು; ಬಲ್ಲವರಿಂದ ಗೊಂಬೆಯ ಮೇಲೆ ಒಮ್ಮೆ ಕೈಯಾರೆ ಕಲಿಯಬೇಕು. ಚೆನ್ನಾಗಿರುವವರ ಎದೆಯ ಮೇಲೆ ಅಭ್ಯಾಸ ಮಾಡಕೂಡದು.

ಕಳೆದ ಬಸವ ಜಯಂತಿಯ ಮರುದಿನ ನಮ್ಮ ಓಣಿಯ ಸಮುದಾಯ ಭವನದಲ್ಲಿ ನಮ್ಮ ಮನೆಯವರು, ಆಸ್ಪತ್ರೆಯಿಂದ ಗೊಂಬೆಯೊಂದನ್ನು ತಂದು, ತಾಯಂದಿರಿಗೂ ಸೊಸೆಯಂದಿರಿಗೂ ಇದನ್ನು ಕಲಿಸಿದರು. ಒಬ್ಬ ಹೊಸ ಸೊಸೆ ಅತ್ತೆಯ ಮುಖ ನೋಡುತ್ತ ಹಿಂದೆ ಸರಿದಾಗ, ಗೋಡೆಗೊರಗಿ ಕುಳಿತಿದ್ದ ನಮ್ಮ ಅವ್ವನೇ ಗದರಿದರು. "ನಿಮ್ಮತ್ತೀ ಮಾರೀ ಏನ ನೋಡ್ತಿ? ಒತ್ತು!" ಆ ಹುಡುಗಿ ಮುಂದೆ ಬಂದು ಮಂಡಿಯೂರಿದಳು.

ತಮ್ಮ ಮನೆಯಲ್ಲಿಯೂ ಒಬ್ಬರಾದರೂ ಇದನ್ನು ಕಲಿಯಲಿ ಎಂಬುದು ನಮ್ಮ ಬಿನ್ನಹ.